ಇನ್ನೂ ಐದು ರಾಡ್

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಸೀಮೆಯಲ್ಲಿ ಬೋರ್ ಲಾರಿ ಬಂದರೆ ಗುಟ್ಟಾಗಿಡುವುದು ಸಾಧ್ಯವಿಲ್ಲ. ಕಂಪ್ರೆಸರ್ ಸದ್ದು ಪಕ್ಕದ ಊರಿಗೂ ಕೇಳುತ್ತದೆ. ಬೂದು ಬಣ್ಣದ ಕಲ್ಲುಪುಡಿ ಆಳೆತ್ತರ ಚಿಮ್ಮಿ ಅಕ್ಕಪಕ್ಕದ ಹಿಪ್ಪುನೇರಳೆ ತೋಟಗಳ ಮೇಲೆ ಕೂರುತ್ತದೆ. ಧೂಳು ಕೂತ ಸೊಪ್ಪನ್ನು ರೇಷ್ಮೆಹುಳುವಿಗೆ ಹಾಕುವಂತಿಲ್ಲ ಎಂದು ಪಕ್ಕದ ತೋಟದವನು ಗೊಣಗುತ್ತಾನೆ, ಗೊಣಗುತ್ತಲೇ ಬಂದು ತಾನೂ ನೋಡುತ್ತ ನಿಲ್ಲುತ್ತಾನೆ. ಹಿಂದಿನ ದಿನವೇ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ, ಬೇವಿನ ಕವಲುಕಡ್ಡಿ ಹಿಡಿದೋ ಹೊಲವೆಲ್ಲ ಸುತ್ತಿ ಜಾಗ ಗುರುತಿಸಿ ಹೋಗಿರುತ್ತಾರೆ. ಪೂಜೆ ಆಗಿರುತ್ತದೆ. ಕೇಸಿಂಗ್ ಪೈಪ್ ಇಳಿದಿರುತ್ತದೆ. ಆಮೇಲೆ ಇಪ್ಪತ್ತು ಅಡಿಯ ರಾಡುಗಳು ಒಂದರ ಹಿಂದೊಂದು ನೆಲದೊಳಗೆ ಹೋಗುತ್ತವೆ.

ಐನೂರು ಅಡಿ. ಒಣ ಧೂಳು. ಎಂಟುನೂರು. ಧೂಳೇ. ಸಾವಿರದ ಹತ್ತಿರ ಧೂಳಿನ ಬಣ್ಣ ಕೊಂಚ ಕಪ್ಪಗಾಗಿ, ಪಸೆ ಬಂದಂತಾಗುತ್ತದೆ. ನೆರೆದವರೆಲ್ಲ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಸಾವಿರದ ಐವತ್ತಕ್ಕೆ ಮತ್ತೆ ಒಣ ಧೂಳು. ಆಗ ಲಾರಿಯವನು ಕೇಳುತ್ತಾನೆ: "ಯಜಮಾನ್ರೇ, ಇನ್ನೂ ಐದು ರಾಡ್ ಇಳಿಸೋದಾ?"

ಐದು ರಾಡ್ ಎಂದರೆ ನೂರು ಅಡಿ. ಮೇಲಿನ ಅಡಿಗಿರುವ ದರ ಕೆಳಗಿನ ಅಡಿಗಿಲ್ಲ. ಆಳ ಹೆಚ್ಚಿದಷ್ಟೂ ಅಡಿಯ ದರವೂ ಹೆಚ್ಚು. ಗೂಡು ಮಾರಿ ತಂದ ಹಣ ಮೊದಲ ಆರುನೂರು ಅಡಿಯಲ್ಲೇ ಮುಗಿದಿರುತ್ತದೆ. ಉಳಿದದ್ದು ಕೈಸಾಲ, ಅಡವಿಟ್ಟ ಒಡವೆ. ಉತ್ತರ ಹೇಳಲು ಇರುವುದು ಅರೆ ನಿಮಿಷ. ಹೆಚ್ಚಿನ ಸಲ ಯಜಮಾನರು "ಇಳಿಸಪ್ಪ" ಎನ್ನುತ್ತಾರೆ.

ಆ ಅರೆ ನಿಮಿಷದಲ್ಲಿ ತಲೆಯೊಳಗೆ ಏನು ನಡೆಯುತ್ತದೆ? ನೀರು ಬಾರದೆ ಲಾರಿ ಹೊರಟುಹೋದ ಮೇಲೆ ಊರಿನವರು ಇದಕ್ಕೆ ಕೊಡುವ ಉತ್ತರ ಮೂರು: ಆಸೆಬುರುಕತನ, ದಡ್ಡತನ, ಹಣೆಬರಹ. ನೀರು ಬಂದಿದ್ದರೆ ಇದೇ ಜನ ಇದೇ ತೀರ್ಮಾನವನ್ನು ಧೈರ್ಯ ಎನ್ನುತ್ತಿದ್ದರು. ನೆಲ ಕೊಟ್ಟ ಫಲವನ್ನು ನೋಡಿ ಮನುಷ್ಯನ ಬುದ್ಧಿಗೆ ಅಂಕ ಹಾಕುವ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಯಾವ ಮೆದುಳು, ಎಂಥ ಹೊತ್ತಿನಲ್ಲಿ, ಎಂಥ ಸೀಮೆಯಲ್ಲಿ ನಿಂತು "ಇಳಿಸು" ಎಂದಿತು ಎಂಬುದನ್ನು ಮೊದಲು ನೋಡಬೇಕು.

ಸೀಮೆಯ ಮಾತು ಮೊದಲು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಹೊಳೆಗಳು ಹಲವು, ನಿಲ್ಲುವುದು ಒಂದೂ ಇಲ್ಲ. ಕೆರೆ ಇತ್ತು, ಕೆರೆಯ ಕೆಳಗೆ ತೆರೆದ ಬಾವಿ ಇತ್ತು. ಬಾವಿಗಳು ಬತ್ತಿದ ಮೇಲೆ ಬೋರು ಬಂತು. ಕೆಳಗಿರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ಇಲ್ಲಿ ನೀರು ಪದರವಾಗಿ ಹರಡಿ ನಿಂತಿಲ್ಲ, ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡಿದೆ. ಬಿರುಕಿಗೆ ತಾಗಿದ ಬೋರು ಎರಡಿಂಚು ನೀರು ಕೊಡುತ್ತದೆ, ಅದರಿಂದ ಹತ್ತು ಮಾರು ಪಕ್ಕಕ್ಕೆ ಕೊರೆದದ್ದು ಧೂಳು ಕೊಡುತ್ತದೆ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ. ಆದರೂ ಕೋಲಾರ, ಚಿಕ್ಕಬಳ್ಳಾಪುರದಲ್ಲಿ 1,200ರಿಂದ 1,500 ಅಡಿ ಕೊರೆಸುವುದು ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ. ಅಂತರ್ಜಲವನ್ನು ಮಿತಿಮೀರಿ ಎತ್ತಿದ ಪ್ರದೇಶಗಳ ಪಟ್ಟಿಯಲ್ಲಿ ಈ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ವರ್ಷಗಳಿಂದ ಕೂತಿವೆ. ಕೊರೆಯುವ ಮುನ್ನ ಅನುಮತಿ ಬೇಕೆನ್ನುವ ರಾಜ್ಯದ ಅಂತರ್ಜಲ ಕಾಯ್ದೆ 2011ರದು. ಲಾರಿಗಳಲ್ಲಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡಿನ ಕಡೆಯವು. ಅವು ಕಾಯ್ದೆಗಿಂತ ವೇಗವಾಗಿ ಚಲಿಸುತ್ತವೆ.

ಇನ್ನು ಮೆದುಳು. ಅದರ ಕಥೆಯೂ ಒಂದು ರೀತಿಯಲ್ಲಿ ನಮ್ಮ ಬೇಲಿಯಿಂದಲೇ ಆರಂಭವಾಗುತ್ತದೆ. ಮನೋರೋಗಕ್ಕೂ ರಕ್ತದೊತ್ತಡಕ್ಕೂ ಸರ್ಪಗಂಧಿಯ ಬೇರು ಕೆಲಸ ಮಾಡುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಆ ಬೇರಿನಿಂದ ಮುಂದೆ ರಿಸರ್ಪೀನ್ ಎಂಬ ವಸ್ತುವನ್ನು ತೆಗೆದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪೀನ್ ಕೊಟ್ಟರು. ಮೊಲಗಳು ಕಿವಿ ಜೋಲುಬಿಟ್ಟು, ಅಲುಗಾಡದೆ ಕುಸಿದು ಕೂತವು. ಎಲ್-ಡೋಪಾ ಎಂಬ ಇನ್ನೊಂದು ವಸ್ತುವಿನ ಚುಚ್ಚುಮದ್ದು ಕೊಟ್ಟ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಎಲ್-ಡೋಪಾ ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ. ಈ ಕೆಲಸಕ್ಕೆ ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಆ ಎಲ್-ಡೋಪಾ ನಮ್ಮ ಪೊದೆಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿ ಧಾರಾಳವಾಗಿದೆ. ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಅದನ್ನು 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ನಸುಗುನ್ನಿ ಎಂದರೆ ಮೈತುರಿಕೆ ಎಂದಷ್ಟೇ ತಿಳಿದವರಿಗೆ ಇದು ಹೊಸ ಸಂಗತಿಯಾಗಬಹುದು.

ಹಾಗಾದರೆ ಡೋಪಮೈನ್ ಎಂದರೇನು? ಪತ್ರಿಕೆಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಅದು 'ಸುಖದ ರಾಸಾಯನಿಕ'. ಲಡ್ಡು ತಿಂದರೆ ಡೋಪಮೈನ್, ಲೈಕ್ ಬಂದರೆ ಡೋಪಮೈನ್. ಒಂದು ವಸ್ತುವಿಗೆ ಒಂದು ವರ್ತನೆ ಎಂಬಷ್ಟು ಸರಳ ಲೆಕ್ಕ ರೇಷ್ಮೆ ಪತಂಗಕ್ಕೆ ಸರಿ. ಶಿಡ್ಲಘಟ್ಟ ತಾಲ್ಲೂಕಿನ ಮನೆಮನೆಯಲ್ಲಿ ಸಾಕುವ ಈ ಹುಳುವಿನ ಹೆಣ್ಣು ಪತಂಗ ಬಿಡುವ ವಾಸನೆಯ ವಸ್ತುವನ್ನು ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1959ರಲ್ಲಿ ಪತ್ತೆಮಾಡಿದರು. ಅದಕ್ಕಾಗಿ ಸುಮಾರು ಐದು ಲಕ್ಷ ಪತಂಗಗಳು ಬೇಕಾದವು. ಬಾಂಬಿಕೋಲ್ ಎಂಬ ಆ ವಸ್ತುವಿನ ಲವಲೇಶ ಮೂಗಿಗೆ, ಅಂದರೆ ಮೀಸೆಗೆ, ತಾಕಿದರೆ ಸಾಕು, ಗಂಡು ಪತಂಗ ರೆಕ್ಕೆ ಬಡಿಯುತ್ತ ಹೊರಟುಬಿಡುತ್ತದೆ. ಹಿಂದೆ ಮುಂದೆ ನೋಡುವುದಿಲ್ಲ. ಮನುಷ್ಯನ ಕಥೆ ಹಾಗಲ್ಲ. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಡೋಪಮೈನ್ ಬಿಡುವವು ಕೆಲವೇ ಲಕ್ಷ. ಅವು ಮಾಡುವ ಕೆಲಸಕ್ಕೆ ಸುಖ ಎಂಬ ಹೆಸರು ಒಪ್ಪುವುದಿಲ್ಲ.

ಅಮೆರಿಕದ ಕೆಂಟ್ ಬೆರಿಜ್ ಇಲಿಗಳಲ್ಲಿ ಡೋಪಮೈನನ್ನು ಬಹುತೇಕ ಇಲ್ಲವಾಗಿಸಿ ನೋಡಿದರು. ನಾಲಿಗೆಗೆ ಸಕ್ಕರೆ ನೀರು ಹಾಕಿದರೆ ಇಲಿ ಮೊದಲಿನಂತೆಯೇ ಚಪ್ಪರಿಸಿತು, ರುಚಿ ಹೋಗಿರಲಿಲ್ಲ. ಆದರೆ ಎದುರಿಗಿಟ್ಟ ಆಹಾರದ ಕಡೆ ತಾನಾಗಿ ಹೋಗಲಿಲ್ಲ. ಹೋಗಿದ್ದು ಬೇಕೆನ್ನುವ ಸೆಳೆತ. ಸಿಕ್ಕಿದ್ದನ್ನು ಸವಿಯುವುದು ಬೇರೆ, ಸಿಗಲಿ ಎಂದು ಹಂಬಲಿಸುವುದು ಬೇರೆ. ಡೋಪಮೈನ್‌ನ ಪಾಲು ಹೆಚ್ಚಾಗಿ ಎರಡನೆಯದರಲ್ಲಿ.

ವುಲ್ಫ್‌ರಾಮ್ ಷುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಇನ್ನಷ್ಟು ಬಿಡಿಸಿತು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಿದಾಗ ಡೋಪಮೈನ್ ಕೋಶಗಳು ಚುರುಕಾಗಿ ಮಿಡಿದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ನಂತರ ಅವು ರಸಕ್ಕೆ ಮಿಡಿಯಲಿಲ್ಲ, ದೀಪಕ್ಕೆ ಮಿಡಿದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಕ್ಷಣಕ್ಕೆ ಸರಿಯಾಗಿ ಅವುಗಳ ಮಿಡಿತ ಕುಗ್ಗಿತು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಈ ಕೋಶಗಳು ಲೆಕ್ಕವಿಡುತ್ತವೆ ಎಂದು ಷುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ 1997ರಲ್ಲಿ ಬರೆದರು. ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದರೆ ಏರು, ಕಡಿಮೆ ಬಂದರೆ ಇಳಿತ.

2023ರ ಬೇಸಿಗೆಯ ನಂತರದ ಟೊಮೆಟೊವನ್ನು ಈ ಭಾಗದವರು ಮರೆತಿಲ್ಲ. ಆ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತು. ಯಾರೂ ಅಂದುಕೊಂಡಿರದ ಬೆಲೆ. ನೋಡಿದವರೆಲ್ಲ ನಾಟಿ ಹಾಕಿದರು, ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಕೋತಿಯ ದೀಪ ಹೊತ್ತಿತ್ತು, ರಸ ಬರಲಿಲ್ಲ.

ಬೋರಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಬೇರೆಯೇ. 2003ರಲ್ಲಿ ಕ್ರಿಸ್ಟೋಫರ್ ಫಿಯೊರಿಲ್ಲೊ, ಫಿಲಿಪ್ ಟೋಬ್ಲರ್ ಜೊತೆಗೂಡಿ ಷುಲ್ಟ್ಸ್, ರಸ ಬರುವ ಸಾಧ್ಯತೆಯನ್ನೇ ಹೆಚ್ಚುಕಡಿಮೆ ಮಾಡುತ್ತ ಹೋದರು. ಖಂಡಿತ ಬರುತ್ತದೆ ಎಂದಾಗಲೂ, ಖಂಡಿತ ಬರುವುದಿಲ್ಲ ಎಂದಾಗಲೂ ಕಾಯುವ ಹೊತ್ತಿನಲ್ಲಿ ಕೋಶಗಳು ಸುಮ್ಮನಿದ್ದವು. ಬಂದರೂ ಬರಬಹುದು, ಬಾರದೆಯೂ ಇರಬಹುದು, ಸಮಸಮ ಎಂದಾಗ ಅವುಗಳ ಚಟುವಟಿಕೆ ಕಾಯುವಿಕೆಯುದ್ದಕ್ಕೂ ಏರುತ್ತಲೇ ಹೋಯಿತು. ಬಂಡೆಯ ಬಿರುಕನ್ನು ಹುಡುಕುವ ಬೋರು ಇದಲ್ಲದೆ ಇನ್ನೇನು? ಕಾವೇರಿ ಬಯಲಿನ ರೈತ ನಾಲೆಯ ತೂಬು ನೋಡುತ್ತ ಹೀಗೆ ಉಸಿರು ಬಿಗಿಹಿಡಿಯುವುದಿಲ್ಲ.

ಆ ಪಸೆಯ ವಿಷಯಕ್ಕೆ ಬರೋಣ. ಜೂಜಿನ ಯಂತ್ರದಲ್ಲಿ ಮೂರು ಒಂದೇ ಚಿತ್ರ ಬರಬೇಕಾದಲ್ಲಿ ಎರಡು ಬಂದು ಮೂರನೆಯದು ಕೂದಲೆಳೆಯಲ್ಲಿ ತಪ್ಪಿದರೆ ಅದೂ ಸೋಲೇ. ಆದರೆ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಅಂಥ ಸೋಲು ಮೆದುಳಿನಲ್ಲಿ ಗೆಲುವಿಗೆ ಎಚ್ಚೆತ್ತುಕೊಳ್ಳುವ ಭಾಗಗಳನ್ನೇ ಎಚ್ಚರಿಸುತ್ತದೆ. ಆಡಿದವರಿಗೆ ಅದರಿಂದ ಬೇಸರವಾಯಿತು, ಆದರೂ ಇನ್ನೊಮ್ಮೆ ಆಡಬೇಕೆನಿಸಿತು. ಈ ಸೆಳೆತ ಕಂಡದ್ದು ಕೈಯಾರೆ ಆಡುತ್ತಿದ್ದಾಗ. ಸಾವಿರ ಅಡಿಯಲ್ಲಿ ಕಂಡ ಪಸೆ ಒಂದು ಬೊಗಸೆ ನೀರನ್ನೂ ಕೊಡಲಿಲ್ಲ, ಹೊಲಕ್ಕೆ ಅದು ಧೂಳಿಗೆ ಸಮ. ಮೆದುಳಿಗೆ ಸಮವಲ್ಲ. ಶುದ್ಧ ಒಣ ಧೂಳೇ ಬಂದಿದ್ದರೆ ಯಜಮಾನರು ಒಂಬೈನೂರಕ್ಕೇ ಕೈಯೆತ್ತುತ್ತಿದ್ದರೇನೋ. ರಿಗ್ಗಿನ ಪಕ್ಕ ನಿಂತ ರೈತನ ತಲೆಗೆ ಯಾರೂ ಯಂತ್ರ ಹಚ್ಚಿ ನೋಡಿಲ್ಲ, ಪ್ರಯೋಗಶಾಲೆಯಿಂದ ಹೊಲಕ್ಕೆ ನಾನು ಎಳೆಯುತ್ತಿರುವ ಗೆರೆ ಇದು. ಆದರೆ ಲಾರಿಯ ಸುತ್ತ ನಿಂತವರ ಮುಖ ಕಂಡವರಿಗೆ ಗೆರೆ ತೀರಾ ಸೊಟ್ಟ ಎನಿಸಲಾರದು.

ರಾಸಾಯನಿಕವೇ ಕಾರಣವೋ, ಗುಣವೇ ಕಾರಣವೋ ಎಂದು ಅನುಮಾನಿಸುವವರಿಗೆ ಆಸ್ಪತ್ರೆಗಳಿಂದ ಬಂದ ಸಾಕ್ಷ್ಯವಿದೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ಡೋಪಮೈನ್‌ನಂತೆಯೇ ವರ್ತಿಸುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳನ್ನು ಕೊಡುತ್ತಾರೆ. ಬದುಕಿನಲ್ಲಿ ಇಸ್ಪೀಟು ಮುಟ್ಟದಿದ್ದ ಕೆಲವರು ಮಾತ್ರೆ ಶುರುವಾದ ಮೇಲೆ ಜೂಜಿಗೆ ಬಿದ್ದರು. ಮಾತ್ರೆ ಕಡಿಮೆ ಮಾಡಿದಾಗ ಜೂಜೂ ಬಿಟ್ಟಿತು. ಅಮೆರಿಕದ ಮೇಯೊ ಕ್ಲಿನಿಕ್ 2005ರಲ್ಲಿ ಇಂಥ 11 ಮಂದಿಯ ವಿವರ ಪ್ರಕಟಿಸಿತು. 2010ರಲ್ಲಿ 3,090 ರೋಗಿಗಳನ್ನು ನೋಡಿದ ಅಧ್ಯಯನದಲ್ಲಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಪೈಕಿ ಶೇ 17ರಷ್ಟು ಮಂದಿಗೆ ಜೂಜು, ಮಿತಿಯಿಲ್ಲದ ಖರೀದಿ, ಅತಿ ತಿನ್ನುವಿಕೆ, ಅತಿ ಕಾಮದಂಥ ತಡೆಯಿಲ್ಲದ ವರ್ತನೆ ಕಂಡುಬಂತು. ತೆಗೆದುಕೊಳ್ಳದವರಲ್ಲಿ ಶೇ 7ರಷ್ಟು. ಮನೆಯಲ್ಲಿ ಪಾರ್ಕಿನ್ಸನ್ ಇರುವ ಹಿರಿಯರು ಇದ್ದಕ್ಕಿದ್ದಂತೆ ದುಂದು ಶುರುಮಾಡಿದರೆ ಬೈಯುವ ಮುನ್ನ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದೂ ಅಪಾಯ.

ಎಲ್ಲ ಮೆದುಳಿನಲ್ಲೂ ಈ ಸೆಳೆತಕ್ಕೆ ಲಗಾಮು ಇದೆ. ಹಣೆಯ ಹಿಂದಿನ ಮುಂಭಾಗದ ತೊಗಟೆ ಸಾಲದ ಲೆಕ್ಕ, ಮಗಳ ಫೀಸು, ಹೋದ ಸಲದ ಒಣ ಬೋರು ಎಲ್ಲವನ್ನೂ ಏಕಕಾಲಕ್ಕೆ ಮನಸ್ಸಿನಲ್ಲಿಟ್ಟುಕೊಂಡು "ತಾಳು" ಎನ್ನಬಲ್ಲದು. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷವಾದ ಮೇಲೆ. ಬಲಿತ ಮೇಲೂ ಅದಕ್ಕೆ ಡೋಪಮೈನ್, ನಾರ್‌ಅಡ್ರಿನಲಿನ್ ಹದವಾಗಿ ಬೇಕು. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ದಶಕಗಳ ಕಾಲ ತೋರಿಸುತ್ತ ಬಂದಿರುವುದು ಇದನ್ನೇ: ಕಡಿಮೆಯಾದರೆ ಮಂಕು, ಒತ್ತಡದ ಹೊತ್ತಿನಲ್ಲಿ ಇವು ಉಕ್ಕಿ ಹರಿದರೆ ಆ ಭಾಗ ಕೈಚೆಲ್ಲುತ್ತದೆ, ಹಳೆಯ, ಒರಟು, ತಕ್ಷಣದ ಭಾಗಗಳು ಯಜಮಾನಿಕೆ ವಹಿಸಿಕೊಳ್ಳುತ್ತವೆ. ಹಗಲು ಶುರುವಾದ ಕೊರೆತ ಸಾವಿರ ಅಡಿ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ನಿದ್ದೆಯಿಲ್ಲ, ಊಟ ಸೇರಿಲ್ಲ, ಕಿವಿಯಲ್ಲಿ ಕಂಪ್ರೆಸರ್, ನೆಂಟರು ಸುತ್ತ ನಿಂತು ನೋಡುತ್ತಿದ್ದಾರೆ, ಬೆಳಿಗ್ಗೆ ಹಣ ಕೊಡಬೇಕು. ಕೆಟ್ಟ ತೀರ್ಮಾನಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಬೇಕೆಂದೇ ಮಾಡಲು ಹೊರಟರೂ ಆಗದು.

ಹಣದ ಅಡಚಣೆ ತಾನಾಗಿಯೇ ಬುದ್ಧಿಯ ಮೇಲೆ ಭಾರ ಹಾಕುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ನಡೆದ ಅಧ್ಯಯನವಿದೆ. ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಕಡೆಯ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈಬಿಗಿಯಿದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಇನ್ನೊಮ್ಮೆ ಬುದ್ಧಿಪರೀಕ್ಷೆ ಕೊಟ್ಟರು. ಅದೇ ಮನುಷ್ಯರು ದುಡ್ಡು ಬಂದ ಮೇಲೆ ಎದ್ದುಕಾಣುವಷ್ಟು ಚೆನ್ನಾಗಿ ಮಾಡಿದರು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತಿತರರ ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ಇಲ್ಲಿಗೆ ನಿಲ್ಲಿಸಿದರೆ ತಪ್ಪೆಲ್ಲ ತಲೆಯೊಳಗೇ ಇದೆ, ಮನಸ್ಸು ಬಿಗಿಹಿಡಿದರೆ ಆಯಿತು ಎಂದಾಗಿಬಿಡುತ್ತದೆ. ಮನಸ್ಸು ಬಿಗಿಹಿಡಿಯಲು ಹೇಳುವವರು ಸಾಮಾನ್ಯವಾಗಿ ನಲ್ಲಿಯಲ್ಲಿ ನೀರು ಬರುವ ಊರಿನವರು.

ತಾಳ್ಮೆಗೂ ಒಂದು ರಾಸಾಯನಿಕವಿದೆ: ಸೆರೊಟೊನಿನ್. ಜಪಾನಿನ ಓಕಿನಾವದಲ್ಲಿ ಕೆಂಜಿ ದೋಯಾ ಅವರ ಪ್ರಯೋಗಶಾಲೆಯ ಮಿಯಾಜಾಕಿ ದಂಪತಿ ಇಲಿಮರಿಗಾತ್ರದ ಚಿಕ್ಕಿಲಿಗಳ ಮೆದುಳಿನಲ್ಲಿ ಸೆರೊಟೊನಿನ್ ಕೋಶಗಳನ್ನು ಬೆಳಕಿನಿಂದ ಪ್ರಚೋದಿಸುವ ವಿಧಾನ ಬಳಸಿದರು. ಪ್ರಚೋದಿಸಿದಾಗ ಚಿಕ್ಕಿಲಿಗಳು ಆಹಾರಕ್ಕಾಗಿ ಹೆಚ್ಚು ಹೊತ್ತು ಕಾದವು. ಇದು 2014ರ ಫಲಿತಾಂಶ. ನನಗೆ ಇಡೀ ವಿಷಯದ ತಿರುಳಾಗಿ ಕಾಣುವುದು ಅವರೇ 2018ರಲ್ಲಿ ಪ್ರಕಟಿಸಿದ ಮುಂದಿನ ಭಾಗ. ನಾಲ್ಕರಲ್ಲಿ ಮೂರು ಸಲ ಆಹಾರ ಸಿಗುತ್ತದೆ ಎಂಬ ಸ್ಥಿತಿಯಲ್ಲಿ ಸೆರೊಟೊನಿನ್ ಕಾಯುವಿಕೆಯನ್ನು ಹಿಗ್ಗಿಸಿತು. ಎರಡರಲ್ಲಿ ಒಂದು ಸಲ, ನಾಲ್ಕರಲ್ಲಿ ಒಂದು ಸಲ ಎಂದಾದಾಗ ಅದೇ ಕೋಶಗಳನ್ನು ಅದೇ ಬೆಳಕಿನಿಂದ ಪ್ರಚೋದಿಸಿದರೂ ಚಿಕ್ಕಿಲಿ ಹೆಚ್ಚು ಕಾಯಲಿಲ್ಲ. ಸಿಗುತ್ತದೆಂಬ ನಂಬಿಕೆ ಇರುವಲ್ಲಿ ಮಾತ್ರ ತಾಳ್ಮೆಯ ರಸ ಕೆಲಸ ಮಾಡಿತು.

ಮಕ್ಕಳಲ್ಲೂ ಹೀಗೆಯೇ. ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎನ್ನುವ ವಾಲ್ಟರ್ ಮಿಶೆಲ್ ಪರೀಕ್ಷೆಯ ಬಗ್ಗೆ ಬಹಳ ಜನ ಓದಿರುತ್ತಾರೆ. ಕಾದ ಮಗು ಮುಂದೆ ಬರುತ್ತದೆ ಎಂದು ಶಾಲೆಗಳಲ್ಲಿ ಭಾಷಣವೂ ಆಗುತ್ತದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಇದಕ್ಕೊಂದು ಪೀಠಿಕೆ ಸೇರಿಸಿದರು. ಒಳ್ಳೆಯ ಬಣ್ಣದ ಪೆಟ್ಟಿಗೆ ತರುತ್ತೇನೆಂದು ಹೇಳಿ ಕೆಲವು ಮಕ್ಕಳಿಗೆ ತಂದುಕೊಟ್ಟರು, ಕೆಲವರಿಗೆ ಬರಿಗೈಯಲ್ಲಿ ಬಂದು "ಇಲ್ಲವಂತೆ" ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರನ್ನು ಕಂಡವು 3 ನಿಮಿಷಕ್ಕೆ ತಿಂದುಬಿಟ್ಟವು.

ಈಗ ದಿಬ್ಬೂರಹಳ್ಳಿಗೆ ಎಷ್ಟು ಸಲ ಮಾತು ಕೊಟ್ಟಿದ್ದಾರೆ ನೋಡಿ. ಈ ಸೀಮೆಗೆ ನೀರು ತರುವ ಪರಮಶಿವಯ್ಯ ವರದಿಯ ಹೆಸರಿನಲ್ಲಿ ಒಂದು ತಲೆಮಾರು ಕಾಯಿತು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತಕ್ಕೆ ಸಕಲೇಶಪುರದ ಬಳಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು. ನಡುವೆ, 2016ರಲ್ಲಿ, ಶಾಶ್ವತ ನೀರಾವರಿಗಾಗಿ ಈ ಕಡೆಯ ರೈತರು ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿಗೆ ಹೊರಟರು. ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ಜಿಲ್ಲೆಯ ಕೆಲವು ಕೆರೆಗಳಿಗೆ ಬಂತು. ಮೂರನೇ ಹಂತ ಬೇಕೆಂಬ ಬೇಡಿಕೆ ವರ್ಷಗಟ್ಟಲೆ ಬೇಡಿಕೆಯಾಗಿಯೇ ಉಳಿಯಿತು. 2021ರ ನವೆಂಬರ್‌ನಲ್ಲಿ ಮಳೆ ಸುರಿದು ವರ್ಷಗಳಿಂದ ಬತ್ತಿದ್ದ ಕೆರೆಗಳು ಕೋಡಿ ಹರಿದವು. ಅದು ಯಾವ ಯೋಜನೆಯಲ್ಲೂ ಇರಲಿಲ್ಲ. ಇಂಥ ಕಡೆ "ಸ್ವಲ್ಪ ಕಾಯಿರಿ" ಎನ್ನುವ ಮಾತಿಗೆ ರೈತನ ಮೆದುಳು ಕಿವಿಗೊಡದಿದ್ದರೆ ಅದನ್ನು ದುಡುಕು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾಲ್ಕರಲ್ಲಿ ಒಂದು ಸಲವೂ ನಿಜವಾಗದ ಭರವಸೆಗೆ ಕಾಯದಿರುವುದನ್ನು ಚಿಕ್ಕಿಲಿಯೂ ಕಲಿಯುತ್ತದೆ. ಪಕ್ಕದವನು ಕೊರೆಸಿದರೆ ನನ್ನ ಬೋರಿನ ನೀರೂ ಅವನ ಕಡೆ ಹೋಗಬಹುದು ಎಂಬ ಭಯ ಇದರ ಮೇಲೆ ಬೇರೆ.

ಇದೇ ಸೆಳೆತವನ್ನು ಅಂಗೈಗೆ ತಂದಿಟ್ಟದ್ದು ಮೊಬೈಲಿನ ರಮ್ಮಿ, ಬೆಟ್ಟಿಂಗ್. ರಾಜ್ಯ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಇವನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಮಾಡಿತು, 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಸಂಸತ್ತೇ ನಿಷೇಧದ ಕಾಯ್ದೆ ತಂದಿತು. ಬಿಡಲಾಗದವರಿಗೆ ನಿಮ್ಹಾನ್ಸ್‌ನ 'ಶಟ್' ಕ್ಲಿನಿಕ್ 2014ರಿಂದ ಇದೆ. ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ರಿಗ್ಗಿನ ಮುಂದೆ ನಿಂತವನಿಗೆ ಅಂಥ ಕ್ಲಿನಿಕ್ ಇಲ್ಲ. ಅವನು ಜೂಜುಕೋರನೂ ಅಲ್ಲ, ಬೆಳೆ ಒಣಗುತ್ತಿರುವ ರೈತ.

ಅವನಿಗೆ ಉಪಯೋಗಕ್ಕೆ ಬರುವ ಒಂದು ಸಂಗತಿ ಮೇಲಿನದರಲ್ಲೇ ಇದೆ. ತೀರ್ಮಾನ ಕೆಡುವುದು ಸಾವಿರ ಅಡಿಯಲ್ಲಿ, ರಾತ್ರಿಯಲ್ಲಿ, ಪಸೆ ಕಂಡ ಮೇಲೆ. ಆದ್ದರಿಂದ ಎಷ್ಟು ಅಡಿಗೆ ನಿಲ್ಲಿಸಬೇಕೆಂಬುದನ್ನು ಲಾರಿ ಹೊಲಕ್ಕೆ ಬರುವ ಮುಂಚಿನ ದಿನ, ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಕೂತು ನಿರ್ಧರಿಸಬೇಕು. ಒಡವೆ ಯಾರದೋ ಅವರೂ ಆ ಮಾತಿನಲ್ಲಿ ಇರಬೇಕು. ಸುತ್ತಲಿನ ಬೋರುಗಳಲ್ಲಿ ಎಷ್ಟಕ್ಕೆ ನೀರು ಬಂತು, ಎಷ್ಟು ಒಣಗಿದವು ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಬರೆದಿಡುವವರು ಇಲ್ಲ ಅಷ್ಟೇ. ಭೂವಿಜ್ಞಾನಿಯಿಂದ ವಿದ್ಯುತ್ ರೋಧದ ಸರ್ವೆ ಮಾಡಿಸಲು ಆಗುವ ಖರ್ಚು ಆ ಕೊನೆಯ ನೂರು ಅಡಿಯ ಮುಂದೆ ದೊಡ್ಡದಲ್ಲ. ನಿಲ್ಲಿಸುವ ಅಡಿಯನ್ನು ಲಾರಿಯವನಿಗೆ ಮೊದಲೇ ಹೇಳಿ, ರಾತ್ರಿ ಫೋನ್ ಮಾಡಿ ಬದಲಾಯಿಸುವ ಅಧಿಕಾರವನ್ನು ಹೊಲದಲ್ಲಿ ನಿಂತವನ ಕೈಯಿಂದ ತೆಗೆದು ಮನೆಯಲ್ಲಿರುವವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಲೆಕ್ಕದ ಕ್ರಮವನ್ನೂ ಬದಲಿಸಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಅರ್ಥಶಾಸ್ತ್ರಜ್ಞ ಎಂ.ಜಿ. ಚಂದ್ರಕಾಂತ್ ಮತ್ತು ಅವರ ವಿದ್ಯಾರ್ಥಿಗಳು ಬಹು ಕಾಲದಿಂದ ಹೇಳುತ್ತಿರುವುದೇನೆಂದರೆ, ನೀರು ಬಂದ ಬೋರಿನ ಖರ್ಚಿಗೆ ಅದಕ್ಕೂ ಮುಂಚೆ ಒಣಗಿಹೋದ ಎಲ್ಲ ಬೋರುಗಳ ಖರ್ಚನ್ನೂ ಸೇರಿಸಿ, ಬೋರು ಬದುಕುವ ವರ್ಷಗಳಿಗೆ ಹಂಚಿ ನೀರಿನ ಬೆಲೆ ಕಟ್ಟಬೇಕು. ಹಾಗೆ ಕಟ್ಟಿದರೆ ಒಂದು ಕಿಲೊ ಗೂಡಿಗೆ ಸೊಪ್ಪಿನ ರೂಪದಲ್ಲಿ ಎಷ್ಟು ರೂಪಾಯಿಯ ನೀರು ಹೋಯಿತು ಎಂಬುದು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಸಂಜೆಯೇ ತಿಳಿಯುತ್ತದೆ. ಇಂಥ ಲೆಕ್ಕ ಈಗ ಪಕ್ಕಾ ಇರುವುದು ಬೋರ್ ಲಾರಿಯವರ ಹತ್ತಿರ ಮಾತ್ರ: ಡೀಸೆಲ್ಲಿಗಿಷ್ಟು, ಹುಡುಗರ ಕೂಲಿಗಿಷ್ಟು, ನೀರು ಬಂದರೂ ಬಾರದಿದ್ದರೂ ಅಡಿಗಿಷ್ಟು.